ಥೆಟ್‌ಫರ್ಡ್ ಕೋಟೆ ದಿಬ್ಬ ನೋಡೋದು ಹೇಗೆ?

ಇಂಗ್ಲೆಂಡಿನ ನಾರ್ಫೋಕ್‌ನ ಥೆಟ್‌ಫರ್ಡ್‌ಗೆ ಹೋದರೆ ಕಲ್ಲಿನ ಗೋಡೆ ಹುಡುಕಬೇಡಿ. ಹುಲ್ಲು ಬೆಳೆದ ಆ ದೊಡ್ಡ ದಿಬ್ಬವೇ ಕೋಟೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಆಮೇಲೆ ಸೀಮೆಸುಣ್ಣದಂಥ ಬಿಳಿ ಕಲ್ಲುಮಣ್ಣು ಸುರಿದು ಎಬ್ಬಿಸಿದ್ದು, ಎತ್ತರ ಸುಮಾರು 20 ಮೀಟರ್. ಜೆಸಿಬಿ ಇಲ್ಲದ ಕಾಲದಲ್ಲಿ, ಅಲ್ವಾ!

ಬೆಳಿಗ್ಗೆ ಅಥವಾ ಸಂಜೆ ಹೋಗಿ, ಓರೆ ಬಿಸಿಲಿಗೆ ನೆರಳು ಉದ್ದ ಬಿದ್ದಾಗ ನೆಲದ ಏರಿಳಿತ ಚೆನ್ನಾಗಿ ಕಾಣುತ್ತದೆ. ಕೂಡಲೇ ಮೆಟ್ಟಿಲು ಹತ್ತಬೇಡಿ. ಮೊದಲು ಬುಡಕ್ಕೆ ಒಂದು ಸುತ್ತು ಹಾಕಿ, ಉತ್ತರ ದಿಕ್ಕಿನಲ್ಲಿ ಸಾಲಾಗಿರುವ ಮಣ್ಣಿನ ಏರಿ ಮತ್ತು ಕಂದಕಗಳನ್ನು ಗಮನಿಸಿ, ಏಕೆಂದರೆ ಅವು ನಾರ್ಮನ್ನರದ್ದಲ್ಲ, ಅದಕ್ಕೂ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಕಬ್ಬಿಣ ಯುಗದವು. ಆ ಹಳೇ ಕೋಟೆಯ ಜಾಗವನ್ನೇ ನಾರ್ಮನ್ನರು ಬಳಸಿಕೊಂಡರು.

ಇಂಥ ದಿಬ್ಬದ ಅಡಿಯಲ್ಲಿ ಹಳೆಯ ನೆಲ ಹಾಗೇ ಮುಚ್ಚಿಹೋಗಿರುತ್ತದೆ. ಕಂದಕದ ಹೂಳಿನಲ್ಲಿ ಹೂವಿನ ಪರಾಗ, ಮೂಳೆ, ಮಡಕೆ ಚೂರು ಉಳಿದಿರಬಹುದು, ಅವೇ ಆ ಕಾಲದ ಸುಳಿವು. ಅದಕ್ಕೇ ಸುಮ್ನೆ ಕೂಡ ಅಗೆಯಬೇಡಿ. ಬ್ರಿಟನ್ನಿನ 1979ರ ಪ್ರಾಚೀನ ಸ್ಮಾರಕ ಕಾಯ್ದೆ ಪ್ರಕಾರ ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಮೆಟಲ್ ಡಿಟೆಕ್ಟರ್ ಬಳಸುವುದೂ ಅಪರಾಧ.

ಮಳೆ ಬಂದಿದ್ದರೆ ಒಳ್ಳೆ ಹಿಡಿತದ ಶೂ ಹಾಕಿಕೊಳ್ಳಿ.