ನಲವತ್ತು ನಿಮಿಷ ಬಿಸಿಯಾಗಲಿ ಬಿಡಿ

ಹಳೇ ಆಂಪ್ಲಿಫೈಯರ್ ಬೇಕಿದ್ದರೆ ಡೀಲರ್ ಹತ್ತಿರವೇ ಹೋಗು, ಮನೆಯಲ್ಲಿ ಬಳಸಿ ಮಾರುವವರಿಂದ ತಗೊಂಡರೆ ಕೆಟ್ಟಾಗ ಯಾರನ್ನು ಕೇಳುತ್ತೀಯ ಅಂತ ಗೆಳೆಯರೆಲ್ಲ ಹೇಳಿದ್ದರು. ಈಗ ಅವರೇ ನಮ್ಮ ಮನೆಗೆ ಬಂದು ನ್ಯಾಡ್ 3020 ಆಂಪ್ಲಿಫೈಯರ್ ಕೇಳಿ ಹೋಗುತ್ತಾರೆ. ಜಯನಗರದ ಒಂದು ಮನೆಯಿಂದ ಸುಮಾರು 11 ಸಾವಿರಕ್ಕೆ ತಂದೆ. ಡೀಲರ್ ಹೇಳಿದ್ದು 19 ಸಾವಿರದ ಹತ್ತಿರ.

ಅದಕ್ಕೂ ಮೊದಲು ಡೀಲರ್ ಹತ್ತಿರವೇ ಒಂದು ಆಂಪ್ಲಿಫೈಯರ್ ಸೆಟ್ ತಗೊಂಡಿದ್ದೆ. ವಾಲ್ಯೂಮ್ ಬೆಣ್ಣೆ ಹಾಗೆ ತಿರುಗುತ್ತಿತ್ತು, ಗರಗರ ಇಲ್ಲವೇ ಇಲ್ಲ. ಅಂಗಡಿಯಲ್ಲಿ ಐದು ನಿಮಿಷ ಕೇಳಿಸಿದರು. ಮನೆಯಲ್ಲಿ ಅರ್ಧ ಗಂಟೆ ಆಗುತ್ತಿದ್ದ ಹಾಗೆ ಎಡಗಡೆ ಸದ್ದು ಹೋಗಿಬಿಡುತ್ತಿತ್ತು. ಆರಿದ ಮೇಲೆ ಮತ್ತೆ ಸರಿ! ಬಿಚ್ಚಿ ನೋಡಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು, ಉಂಗುರದ ಹಾಗೆ. ವಾಲ್ಯೂಮ್‌ಗೆ ಕ್ಲೀನಿಂಗ್ ಸ್ಪ್ರೇ ಹೊಡೆದಿದ್ದರು, ಅಷ್ಟೇ. ಗ್ಯಾರಂಟಿ ಬರೀ ಬಾಯಿಮಾತು. ರಿಪೇರಿಗೆ ಮೂರೂವರೆ ಸಾವಿರ ಹೋಯಿತು.

ಮನೆಯಿಂದ ಮಾರುವವರ ಹತ್ತಿರ ತಗೊಂಡೂ ಪೆಟ್ಟು ತಿಂದಿದ್ದೇನೆ. ಜಪಾನ್‌ನಿಂದ ಬಂದ 100 ವೋಲ್ಟ್ ಸೆಟ್. ಹಿಂದಿನ ಲೇಬಲ್ ಓದದೆ ನೇರ ನಮ್ಮ 230 ವೋಲ್ಟ್‌ಗೆ ಹಾಕಿದೆ. 6 ಸಾವಿರ ಹೊಗೆಯಾಯಿತು.

ಅವತ್ತಿನಿಂದ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಚೀಲದಲ್ಲೇ ಇರುತ್ತದೆ. ಜಯನಗರದಲ್ಲಿ ಮೊದಲು ಲೇಬಲ್ ಓದಿದೆ. ಆಮೇಲೆ ಆನ್ ಮಾಡಿ ನಲವತ್ತು ನಿಮಿಷ ಸುಮ್ನೆ ಕೂತೆ. ಯಜಮಾನರು ಕಾಫಿ ಕೊಟ್ಟು, "ನಿಧಾನವಾಗಿ ಕೇಳಿ ಸಾರ್, ಅವಸರ ಏನಿಲ್ಲ" ಅಂದರು. ಯಾವ ಅಂಗಡಿಯಲ್ಲಿ ಇಷ್ಟು ಹೊತ್ತು ಕೂರಲು ಬಿಡುತ್ತಾರೆ? ಸ್ಪೀಕರ್ ತಂತಿ ತೆಗೆದು ಟರ್ಮಿನಲ್‌ನಲ್ಲಿ ಡಿಸಿ, ಅಂದರೆ ಸ್ಪೀಕರ್‌ಗೆ ಹೋಗಬಾರದ ನೇರ ವಿದ್ಯುತ್, ಎಷ್ಟಿದೆ ಅಂತ ನೋಡಿದೆ. ಎಡಕ್ಕೆ 14, ಬಲಕ್ಕೆ 20 ಚಿಲ್ಲರೆ ಮಿಲಿವೋಲ್ಟ್. 50 ದಾಟಿದ್ದರೆ ಎದ್ದು ಬರುತ್ತಿದ್ದೆ.

ಅಲ್ಲೇ ಒಂದು ಜೊತೆ ಸ್ಪೀಕರ್ ಕೂಡ ಸಿಕ್ಕಿತು. ಕೋನ್ ಸುತ್ತಲಿನ ಫೋಮ್ ಅಂಚು ಮುಟ್ಟಿದರೆ ಹಳೇ ರಸ್ಕ್ ಹಾಗೆ ಉದುರುತ್ತಿತ್ತು, ಅದಕ್ಕೇ ಬರೀ 2 ಸಾವಿರ. ಮೊದಲು ಬಟ್ಟೆ ಅಂಟಿಸಿ ನೋಡಿದೆ. ಕೋನ್ ಬಿಗಿಯಾಗಿ ಬಾಸ್ ಸತ್ತೇ ಹೋಯಿತು. ಕಿತ್ತು ಹೊಸ ಫೋಮ್ ರಿಂಗ್ ಹಾಕಿದೆ, ಒಂದು ಜೊತೆ ರಿಂಗ್‌ಗೆ 900 ರೂಪಾಯಿ ಇರಬೇಕು. ಈಗ ತಬಲಾದ ಎಡಗೈ ಸದ್ದು ಎದೆಗೆ ಬಡಿಯುತ್ತದೆ.

ಹೋಗುವ ಮೊದಲು ಫೋನಿನಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ಅದರಲ್ಲೇ ಅರ್ಧ ಜನ ಜರಡಿ ಆಗುತ್ತಾರೆ. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾರುವವರೆಲ್ಲ ಉತ್ತರ ಸಿದ್ಧ ಮಾಡಿಕೊಳ್ಳುತ್ತಾರೆ, ಅಲ್ವಾ?

ಕ್ಯಾಸೆಟ್ ಡೆಕ್ ಮಾತ್ರ ಈಗಲೂ ಡೀಲರ್ ಹತ್ತಿರವೇ. ಮನೆಗಳಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಾಗಿರುತ್ತದೆ. ಹೋದ ತಿಂಗಳು ಒಂದು ತಗೊಂಡೆ. ಹೊಸ ಬೆಲ್ಟ್ ಹಾಕಿಸಿ, ಬಿಲ್ ಮೇಲೆ "ಗ್ಯಾರಂಟಿ ಒಂದು ತಿಂಗಳು" ಅಂತ ಬರೆಸಿಕೊಂಡ ಮೇಲೆಯೇ ದುಡ್ಡು ಕೊಟ್ಟೆ.