‘ಹಾಲು ಸಾಲಲ್ಲ’ ಅನ್ನುವ ಮೊದಲು

ಮೊದಲ ಹೆರಿಗೆಗೆ ಮೂಡಿಗೆರೆಯ ತವರಿಗೆ ಹೋಗಿದ್ದೆ. ಮೂರನೇ ದಿನ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು: ‘ಹಾಲು ಸಾಲುತ್ತಾ?’ ಸಂಜೆಗೆ ನನಗೇ ಅನುಮಾನ ಬಂತು. ಮಗು ಅತ್ತಿತು, ಡಬ್ಬಿ ಹಾಲು ಮನೆಗೆ ಬಂತು. ಆರು ತಿಂಗಳು ಎದೆಹಾಲು ಮಾತ್ರ ಎಂದುಕೊಂಡಿದ್ದು ಅಲ್ಲಿಗೇ ನಿಂತಿತು. ನಿಮಗೆ ಹಾಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿ. ಸಿಸೇರಿಯನ್ ಆಗಿದ್ದರೆ ನರ್ಸ್ ಸಹಾಯ ಕೇಳಿ, ಮಲಗಿಕೊಂಡೇ ಕುಡಿಸಬಹುದು. ಮೊದಲ ಹಳದಿ ಹಾಲು ಸ್ವಲ್ಪವೇ ಇರುತ್ತದೆ. ಮಗುವಿನ ಹೊಟ್ಟೆಯೂ ಅಷ್ಟೇ ಪುಟ್ಟದು. ಅದನ್ನು ಹಿಂಡಿ ಚೆಲ್ಲಬೇಡಿ. ಜೇನು, ಸಕ್ಕರೆ ನೀರು ಬೇಡವೇ ಬೇಡ.

ಎರಡನೆಯದು, ಬಾಯಿ ಹಿಡಿಸುವುದು. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವಂತೆ ಹತ್ತಿರ ಎಳೆದುಕೊಳ್ಳಿ. ಬಾಯಿ ಅಗಲ ತೆರೆಯುವವರೆಗೆ ಕಾಯಿರಿ. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು. ಕುಡಿಸುವಾಗ ನೋವು ನಿಲ್ಲದಿದ್ದರೆ ಹಿಡಿತ ತಪ್ಪಿದೆ ಎಂದೇ ಲೆಕ್ಕ. ಕಿರುಬೆರಳನ್ನು ಮಗುವಿನ ಬಾಯಿಯಂಚಿಗೆ ಹಾಕಿ ಬಿಡಿಸಿ, ಮತ್ತೆ ಹಿಡಿಸಿ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಕುಡಿಸಿ. ಮಗು ಚೀಪಿದಷ್ಟೂ ಹಾಲು ಊರುತ್ತದೆ. ಡಬ್ಬಿ ಹಾಲು ಕುಡಿದ ಮಗು ಎದೆ ಚೀಪುವುದು ಕಡಿಮೆ, ಹಾಲೂ ಕಡಿಮೆಯಾಗುತ್ತದೆ.

ಆಮೇಲೆ ಒದ್ದೆ ಬಟ್ಟೆ ಎಣಿಸಿ. ಒಂದು ವಾರ ಕಳೆದ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಬರೀ ಅಳು ನೋಡಿ ತೀರ್ಮಾನಿಸಬೇಡಿ. ಎರಡನೆಯವನ ಬಾಣಂತನದಲ್ಲಿ ‘ಹಾಲು ಸಾಲುತ್ತಾ’ ಎಂದವರಿಗೆ ಅಮ್ಮ ಹಿತ್ತಿಲ ಹಗ್ಗದ ಮೇಲಿನ ಬಟ್ಟೆ ತೋರಿಸುತ್ತಿದ್ದರು.

ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇದೆ. ಆರು ತಿಂಗಳವರೆಗೆ ಬೇಸಿಗೆಯಲ್ಲೂ ಮಗುವಿಗೆ ಬೇರೆ ನೀರು, ಗ್ರೈಪ್ ವಾಟರ್ ಬೇಕಿಲ್ಲ. ಡಾಕ್ಟರ್ ಬರೆದ ಔಷಧಿ, ಹನಿಗಳನ್ನು ಕೊಡಬಹುದು. ನೀರು ಬೇಕಿರುವುದು ಬಾಣಂತಿಗೆ. ಹೊಟ್ಟೆ ಬರುತ್ತೆ ಅಂತ ಸುಮ್ನೆ ಅವಳನ್ನು ಬಾಯಾರಿಸಬೇಡಿ.

ಕೆಲಸಕ್ಕೆ ಹೋಗುವವರ ಕಷ್ಟವೇ ಬೇರೆ. ಕಾನೂನಿನಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ. ಆದರೆ ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲಿಗೆ ದಿನಗೂಲಿಗೆ ಹೋಗುವವಳಿಗೆ ಆ ರಜೆ ಎಲ್ಲಿ ಸಿಗುತ್ತದೆ? ಅಂಥವರು ಕೈ ತೊಳೆದು, ಶುಚಿಯಾದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಮುಚ್ಚಿಡಿ. ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಇಡಬಹುದು. ಬಾಟಲಿ ಬೇಡ, ಅಜ್ಜಿ ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸಲಿ.

ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಎರಡು ವಾರವಾದರೂ ಹುಟ್ಟಿದಾಗಿನ ತೂಕಕ್ಕೆ ಮರಳದಿದ್ದರೆ ತಡಮಾಡದೆ ಡಾಕ್ಟರ್ ಬಳಿ ಹೋಗಿ. ತಾಯಿ ಕಾರ್ಡ್ ಜೊತೆಗಿರಲಿ.