9 ಎಕರೆ 19 ಆಗಿದ್ದರಿಂದ ಸಿಕ್ಕಿಬಿದ್ದೆ: ಸಂಘದ ಮೆಂಬರ್ ಲಿಸ್ಟ್ ವಿಷ್ಯ

ನಾನು ಮೂಡಿಗೆರೆ ಕಡೆಯ ಒಂದು ಬೆಳೆಗಾರರ ಸಂಘಕ್ಕೆ ಆರು ವರ್ಷದಿಂದ ಕಾರ್ಯದರ್ಶಿ. ಸಂಬಳ ಇಲ್ಲ, ಬೈಗುಳ ಮಾತ್ರ ಟೈಮಿಗೆ ಸರಿಯಾಗಿ ಸಿಗುತ್ತೆ. ಮೆಂಬರ್ಸು ಆರುನೂರು ಚಿಲ್ಲರೆ, ಜಾಸ್ತಿ ಜನ ಹತ್ತು ಎಕರೆ ಒಳಗಿನ ಸಣ್ಣ ಹಿಡುವಳಿದಾರರು, ಕಾಫಿ, ಮೆಣಸು, ಸ್ವಲ್ಪ ಅಡಿಕೆ. ಅವರ ಹೆಸರು, ಊರು, ಫೋನು, ಸರ್ವೆ ನಂಬರು, ಎಷ್ಟು ಎಕರೆ, ಬ್ಯಾಂಕ್ ಅಕೌಂಟು, ನಾಮಿನಿ, ಆಧಾರು ಎಲ್ಲಾ ಒಂದೇ ಎಕ್ಸೆಲ್ ಶೀಟಲ್ಲಿ. ಹಿಂದೆ ಇದ್ದ ಕ್ಲರ್ಕ್ ಹುಡುಗ ಮಾಡಿಟ್ಟಿದ್ದ, ನಾನು ಅದನ್ನೇ ಎಳ್ಕೊಂಡು ಬಂದಿದ್ದೆ.

ಕುಯ್ಲು ಮುಗಿದು ಎಲ್ಲರೂ ಹೂಮಳೆಗೆ ಕಾಯ್ತಾ ಕೂತಿದ್ದ ಟೈಮಲ್ಲಿ ಒಂದು ಬೆಳಿಗ್ಗೆ ನಮ್ಮ ಹಿರಿಯ ಮೆಂಬರ್ ಒಬ್ಬರು ಆಫೀಸಿಗೆ ಬಂದ್ರು. ಛತ್ರಿ ಮೂಲೆಗಿಟ್ಟು, ಕೂರದೇನೇ ಶುರು ಮಾಡಿದ್ರು. "ಏನಪ್ಪಾ, ನನ್ನ ಜಮೀನು ಯಾವಾಗ ಹತ್ತೊಂಬತ್ತು ಎಕರೆ ಆಯ್ತು? ಯಾವನೋ ಫೋನ್ ಮಾಡಿ ನಿಮ್ಮ ಹತ್ತೊಂಬತ್ತು ಎಕರೆ ಮೇಲೆ ಲೋನ್ ಪಾಸಾಗಿದೆ, ಓಟಿಪಿ ಹೇಳಿ ಅಂತಾನೆ. ಅಕೌಂಟ್ ನಂಬರಿನ ಕೊನೆ ನಾಲ್ಕೂ ಅವನೇ ಹೇಳ್ತಾನೆ."

ನಾನು ಎಲ್ಲರ ಥರ ಅದು ಫ್ರಾಡ್ ಕಾಲ್ ದೊಡ್ಡಪ್ಪ, ಬ್ಲಾಕ್ ಮಾಡಿ, ದುಡ್ಡು ಹೋಗಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡೋಣ ಅಂದೆ. ದುಡ್ಡೇನೂ ಹೋಗಿರಲಿಲ್ಲ, ಪುಣ್ಯಕ್ಕೆ ಅವರಿಗೆ ಓಟಿಪಿ ಓದೋಕೆ ಕನ್ನಡಕ ಸಿಕ್ಕಿರಲಿಲ್ಲ. ಆದ್ರೆ ಅವರು ಹೋದ ಮೇಲೆ ಆ ಹತ್ತೊಂಬತ್ತು ತಲೆಲಿ ಕೊರೀತಾನೇ ಇತ್ತು. ಶೀಟ್ ತೆಗೆದು ನೋಡ್ತೀನಿ, ಅವರ ಹೆಸರಿನ ಮುಂದೆ 19-12. ಪಹಣಿಯಲ್ಲಿ ಇರೋದು 9 ಎಕರೆ 12 ಗುಂಟೆ, ಬ್ಯಾಂಕಿಗೆ ಕೊಟ್ಟಿರೋದೂ ಅಷ್ಟೇ. ಈ ಪ್ರಪಂಚದಲ್ಲಿ ಅವರಿಗೆ ಹತ್ತೊಂಬತ್ತು ಎಕರೆ ಇರೋದು ನಮ್ಮ ಶೀಟಲ್ಲಿ ಮಾತ್ರ, ಕ್ಲರ್ಕ್ ಹುಡುಗ ಟೈಪ್ ಮಾಡೋವಾಗ ಒಂದು 1 ಜಾಸ್ತಿ ಕುಟ್ಟಿದ್ದ. ಅಂದ್ರೆ ಮಾಲು ಹೋಗಿರೋದು ನಮ್ಮ ಮನೆಯಿಂದಲೇ.

ಯಾರಿಗೆ ಕೊಟ್ಟಿದ್ದೆ ಅಂತ ಹುಡುಕೋಕೆ ಎರಡು ನಿಮಿಷನೂ ಬೇಕಾಗ್ಲಿಲ್ಲ. ಡಿಸೆಂಬರಲ್ಲಿ ಐಡಿ ಕಾರ್ಡ್ ಮಾಡಿಸಿದ್ವಿ. ಅಂಗಡಿಯವನಿಗೆ ಬೇಕಿದ್ದದ್ದು ಹೆಸರು, ಊರು, ಮೆಂಬರ್ ನಂಬರು, ಫೋಟೋ ಅಷ್ಟೇ. ನಾನು ಬುದ್ಧಿವಂತ ಅಂದ್ಕೊಂಡು ಉಳಿದ ಕಾಲಂಗಳನ್ನ ಹೈಡ್ ಮಾಡಿ ಫೈಲ್ ವಾಟ್ಸಾಪಲ್ಲಿ ಕಳಿಸಿದ್ದೆ. ಹೈಡ್ ಮಾಡೋದು ಅಂದ್ರೆ ಬಾಗಿಲಿಗೆ ಕರ್ಟನ್ ಬಿಟ್ಟಂಗೆ, ಬೀಗ ಅಲ್ಲ. ರೈಟ್ ಕ್ಲಿಕ್ ಮಾಡಿ ಅನ್‌ಹೈಡ್ ಒತ್ತಿದ್ರೆ ಎಲ್ಲಾ ಎದ್ದು ಕೂರುತ್ತೆ. ಇದು ನನಗೆ ಗೊತ್ತಿರಲಿಲ್ವಾ ಅಂದ್ರೆ ಗೊತ್ತಿತ್ತು, ಸೋಮಾರಿತನ ಅಷ್ಟೇ.

ಆ ಅಂಗಡಿಗೆ ಹೋದೆ. ಜಗಳ ಆಡೋ ಮೂಡಲ್ಲೇ ಹೋದೆ, ಆದ್ರೆ ಅವನ ಕಂಪ್ಯೂಟರ್ ಸ್ಕ್ರೀನ್ ನೋಡಿ ಬಾಯಿ ಕಟ್ಟೋಯ್ತು. ಡೆಸ್ಕ್‌ಟಾಪ್ ತುಂಬಾ ಫೈಲುಗಳು, ಒಂದು ಶಾಲೆ ಮಕ್ಕಳ ಲಿಸ್ಟು, ಯಾವುದೋ ಸೊಸೈಟಿ ಲಿಸ್ಟು, ಅದರ ಮಧ್ಯೆ ನಮ್ಮದು "ಸಂಘ ಫೈನಲ್ 2" ಅಂತ. ಪಾಸ್‌ವರ್ಡ್ ಇಲ್ಲ, ಜೆರಾಕ್ಸಿಗೆ ಬಂದವರೆಲ್ಲಾ ಅದೇ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕ್ತಾರೆ. ಇದರಲ್ಲಿ ಯಾರು ಹೊತ್ಕೊಂಡು ಹೋದ್ರು ಅಂತ ಹೇಗೆ ಹಿಡೀತೀರಾ? ಅವನು ನನ್ನೆದುರಿಗೇ ಡಿಲೀಟ್ ಮಾಡಿದ, ರೀಸೈಕಲ್ ಬಿನ್ ಖಾಲಿ ಮಾಡೋದನ್ನ ನಾನೇ ಹೇಳ್ಬೇಕಾಯ್ತು.

ಕಮಿಟಿ ಮೀಟಿಂಗಲ್ಲಿ ವಿಷ್ಯ ಇಟ್ಟೆ, ತಪ್ಪು ನಂದು ಅಂತಲೇ ಹೇಳ್ದೆ. ಒಬ್ಬ ಡೈರೆಕ್ಟರ್, "ಅಯ್ಯೋ ಮಾರಾಯ, ಪಹಣಿ ಯಾರು ಬೇಕಾದ್ರೂ ಆನ್‌ಲೈನಲ್ಲಿ ನೋಡ್ಬಹುದು, ಅದರಲ್ಲೇನು ಗುಟ್ಟು?" ಅಂದ್ರು. ಮಾತು ನಿಜ. ಆದ್ರೆ ಪಹಣಿಯಲ್ಲಿ ಫೋನ್ ನಂಬರ್ ಇರಲ್ಲ, ಅಕೌಂಟ್ ನಂಬರ್ ಇರಲ್ಲ. ನಾವು ಅವೆಲ್ಲಾನೂ ಒಂದೇ ಸಾಲಲ್ಲಿ ಪೋಣಿಸಿ ಕೊಟ್ಟಿದ್ವಿ, ಫೋನ್ ಮಾಡಿದವನ ಮಾತು ನಂಬೋ ಹಾಗೆ ಆಗಿದ್ದೇ ಅದರಿಂದ.

ಚಿಕ್ಕಮಗಳೂರಲ್ಲಿ ವಕೀಲಿಕೆ ಮಾಡೋ ಸ್ನೇಹಿತನ ಹತ್ರ ಕೇಳ್ಕೊಂಡು ಬಂದಿದ್ದೆ. 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಆಕ್ಟ್ ಪ್ರಕಾರ ಲಿಸ್ಟ್ ಇಟ್ಕೊಂಡಿರೋ ನಾವು ಡೇಟಾ ಫಿಡ್ಯೂಶರಿ, ನಮ್ಮ ಪರವಾಗಿ ಕೆಲಸ ಮಾಡೋ ಅಂಗಡಿಯವನು ಡೇಟಾ ಪ್ರಾಸೆಸರ್. ಅವನ ಹತ್ರ ಕೆಲಸ ಮಾಡಿಸೋಕೆ ಕರಾರು ಇರಲೇಬೇಕು, ಮತ್ತೆ ಕರಾರಲ್ಲಿ ಏನೇ ಬರ್ಕೊಂಡ್ರೂ ಅವನು ಮಾಡಿದ ಎಡವಟ್ಟಿಗೆ ಹೊಣೆ ನಮ್ಮದೇ. ನಿಯಮಗಳು 2025ರ ನವೆಂಬರಲ್ಲಿ ಬಂದಿವೆ, ಈ ಹೊಣೆಗಳು ಪೂರ್ತಿ ಜಾರಿಗೆ ಬರೋದು ಅಲ್ಲಿಂದ 18 ತಿಂಗಳಿಗೆ. ಭದ್ರತೆ ಸರಿಯಾಗಿ ಇಡದಿದ್ರೆ ದಂಡ 250 ಕೋಟಿವರೆಗೂ ಹೋಗಬಹುದು ಅಂದಾಗ ಖಜಾಂಚಿ ನಕ್ಕುಬಿಟ್ರು, ನಮ್ಮ ಅಕೌಂಟಲ್ಲಿ ನಾಲ್ಕು ಲಕ್ಷನೂ ಇಲ್ಲ. ಅಷ್ಟು ದಂಡ ನಮ್ಮಂಥವರಿಗೆ ಹಾಕ್ತಾರೆ ಅಂತ ನಾನೂ ನಂಬಲ್ಲ, ನಂಗೆ ಆ ಛತ್ರಿ ಹಿಡ್ಕೊಂಡು ಬಂದವರ ಮುಖ ಸಾಕಾಗಿತ್ತು.

ಆಮೇಲೆ ಮಾಡಿದ ಕೆಲಸ ಹೇಳ್ತೀನಿ. ಮೊದಲು ನಮ್ಮ ಹತ್ರ ಏನೇನು ಇರಲೇಬಾರದು ಅಂತ ನೋಡಿದ್ವಿ. ಆಧಾರ್ ಯಾಕಿತ್ತು ಅಂದ್ರೆ ಯಾವುದೋ ಕಾಲದ ಸಬ್ಸಿಡಿ ಅರ್ಜಿಗೆ ತಗೊಂಡಿದ್ದು, ಅರ್ಜಿ ಮುಗಿದು ವರ್ಷಗಳಾದ್ರೂ ನಂಬರ್ ಹಂಗೇ ಉಳ್ಕೊಂಡಿತ್ತು. ಕಾಲಂ ಪೂರ್ತಿ ಅಳಿಸಿದೆ. ಎರಡು ಗೋಣಿಚೀಲ ಜೆರಾಕ್ಸ್ ಕಾಪಿ ಇತ್ತು, ರದ್ದಿಯವನಿಗೆ ಹಾಕಿದ್ರೆ ಕಡ್ಲೆಕಾಯಿ ಪೊಟ್ಟಣ ಆಗಿ ವಾಪಸ್ ಬರುತ್ತೆ ಅಂತ ಮನೆಗೆ ತಂದು ಹಂಡೆ ಒಲೆಗೆ ಹಾಕಿದೆ, ಮೂರು ದಿನ ಸ್ನಾನದ ನೀರು ಅದರಲ್ಲೇ ಕಾದಿದ್ದು.

ಮೇನ್ ಶೀಟ್ ಈಗ ಪಾಸ್‌ವರ್ಡ್ ಹಾಕಿ ಆಫೀಸಿನ ಒಂದೇ ಕಂಪ್ಯೂಟರಲ್ಲಿದೆ, ಅದು ಹೊರಗೆ ಹೋಗಲ್ಲ. ಯಾರಿಗಾದ್ರೂ ಕೊಡ್ಬೇಕಂದ್ರೆ ಹೊಸ ಖಾಲಿ ಶೀಟ್ ತೆಗೆದು ಬೇಕಾದ ಕಾಲಂ ಮಾತ್ರ ಕಾಪಿ ಪೇಸ್ಟ್. ಎಸ್ಸೆಮ್ಮೆಸ್ ಕಳಿಸೋನಿಗೆ ನಂಬರ್ ಒಂದೇ, ಹೆಸರೂ ಬೇಡ. ಬಲ್ಕ್ ಎಸ್ಸೆಮ್ಮೆಸ್‌ಗೆ ಹೆಡರು (ಕಳಿಸೋರ ಹೆಸರು), ಟೆಂಪ್ಲೇಟು (ಮೆಸೇಜಿನ ಮಾದರಿ) ಡಿಎಲ್‌ಟಿ ಅನ್ನೋ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ರಿಜಿಸ್ಟರ್ ಆಗಿರಬೇಕು, ಅದನ್ನೂ ಸಂಘದ ಹೆಸರಲ್ಲೇ ಮಾಡಿಸಿದ್ವಿ. ಮಾಸಪತ್ರಿಕೆ ಪ್ರಿಂಟ್ ಮಾಡಿ ಪೋಸ್ಟ್ ಹಾಕೋ ಪ್ರೆಸ್ಸಿನವರಿಗೆ ಹೆಸರು, ವಿಳಾಸ, ಪಿನ್‌ಕೋಡ್. ಲೆಕ್ಕದ ಸಾಫ್ಟ್‌ವೇರಿನವನು ದೂರದಿಂದಲೇ ಕಂಪ್ಯೂಟರ್ ನಡೆಸೋ ಎನಿಡೆಸ್ಕಲ್ಲಿ ಯಾವಾಗ ಬೇಕಾದ್ರೂ ಒಳಗೆ ಬರ್ತಿದ್ದ, ಈಗ ಫೋನ್ ಮಾಡಿ ಬರ್ಬೇಕು, ಮುಗಿಯೋವರೆಗೂ ನಾನು ಎದುರಿಗೆ ಕೂತಿರ್ತೀನಿ.

ಕರಾರು ಒಂದೇ ಪುಟ, ಕನ್ನಡದಲ್ಲೇ. ಯಾವ ಕೆಲಸಕ್ಕೆ ಕೊಟ್ವೋ ಅದಕ್ಕಷ್ಟೇ, ಬೇರೆಯವರ ಕೈಗೆ ಕೊಡೋ ಹಾಗಿಲ್ಲ, ಕೆಲಸ ಮುಗಿದು ಏಳು ದಿನದಲ್ಲಿ ಅಳಿಸಿ ಬರೆದುಕೊಡ್ಬೇಕು, ಸೋರಿದ್ರೆ ಅದೇ ದಿನ ತಿಳಿಸ್ಬೇಕು, ಅಳಿಸಿದ ಪತ್ರ ಬರೋವರೆಗೂ ಕೊನೆ ಬಿಲ್ ಪಾಸಾಗಲ್ಲ. ನನ್ನ ಅನುಭವದಲ್ಲಿ ಕೆಲಸಕ್ಕೆ ಬರೋದು ಆ ಕೊನೆ ಸಾಲೊಂದೇ. ಇಬ್ಬರು ಸೈನ್ ಹಾಕಿದ್ರು, ಒಬ್ಬ "ಇಷ್ಟಕ್ಕೆಲ್ಲಾ ಪೇಪರ್ ಯಾಕೆ ಸಾರ್" ಅಂತ ಕೆಲಸನೇ ಬಿಟ್ಟ. ಒಬ್ಬ ಇನ್ಶೂರೆನ್ಸ್ ಏಜೆಂಟು ಲಿಸ್ಟ್ ಕೊಟ್ರೆ ಮಹಾಸಭೆ ಊಟದ ಖರ್ಚು ನಮ್ಮದು ಅಂತ ಬಂದಿದ್ದ. ನಿಮ್ಮ ಪಾಂಪ್ಲೆಟ್ ನೋಟಿಸ್ ಬೋರ್ಡಿಗೆ ಹಾಕ್ತೀವಿ, ಬೇಕಾದವರು ಫೋನ್ ಮಾಡ್ತಾರೆ ಅಂದ್ವಿ. ಊಟ ನಮ್ಮ ದುಡ್ಡಲ್ಲೇ ಆಯ್ತು, ಪಾಯಸಕ್ಕೆ ಗೋಡಂಬಿ ಕಮ್ಮಿ ಬಿತ್ತು.

ಇಷ್ಟೆಲ್ಲಾ ಆದ್ಮೇಲೆ ಹಿರಿಯರನ್ನ ಕರೆದು ಅವರೆದುರಿಗೇ 19ನ್ನ 9 ಮಾಡೋಕೆ ಹೊರಟೆ. ಅವರು ಕೈ ಹಿಡಿದ್ರು. "ತಿದ್ದಬೇಡ ಇರು. ಮತ್ತೆ ಯಾವನಾದ್ರೂ ಹತ್ತೊಂಬತ್ತು ಅಂದ್ರೆ ನಿನ್ನ ಲಿಸ್ಟೇ ಅಂತ ಗೊತ್ತಾಗುತ್ತೆ." ತಿದ್ದಿದೆ, ರೆಕಾರ್ಡ್ ಸರಿ ಇರ್ಬೇಕಲ್ಲ. ಆದ್ರೆ ಐಡಿಯಾ ಬಿಡಲಿಲ್ಲ. ಈಗ ಹೊರಗೆ ಹೋಗೋ ಪ್ರತಿ ಲಿಸ್ಟಲ್ಲೂ ಇಲ್ಲದ ಮೆಂಬರ್ ಒಬ್ಬನನ್ನ ಸೇರಿಸ್ತೀನಿ. ಎಸ್ಸೆಮ್ಮೆಸ್ ಲಿಸ್ಟಲ್ಲಿ ನನ್ನ ಹೆಂಡ್ತಿಯ ಹಳೇ ಸಿಮ್ಮಿನ ನಂಬರು, ಪ್ರೆಸ್ಸಿನ ಲಿಸ್ಟಲ್ಲಿ ಹಾಸನದಲ್ಲಿರೋ ತಂಗಿ ಮನೆ ವಿಳಾಸಕ್ಕೆ ಒಂದು ಸುಳ್ಳು ಹೆಸರು.

ಸಿಮ್ ಇವತ್ತಿನವರೆಗೂ ಸುಮ್ನಿದೆ. ಮೊನ್ನೆ ಭಾನುವಾರ ತಂಗಿ ಫೋನ್ ಮಾಡಿದ್ಲು. "ಅಣ್ಣಾ, ನಿನ್ನ ಇಲ್ಲದ ಗೌಡ್ರಿಗೆ ಯಾವುದೋ ಲೇಔಟಿನವರು ಸೈಟ್ ತಗೊಳ್ಳಿ ಅಂತ ಕಾರ್ಡ್ ಕಳ್ಸಿದ್ದಾರೆ." ಕವರ್ ಸಮೇತ ಬಸ್ಸಲ್ಲಿ ಕಳಿಸು ಅಂದಿದೀನಿ. ಪ್ರೆಸ್ಸಿನವರ ಎರಡು ತಿಂಗಳ ಬಿಲ್ ಇನ್ನೂ ನನ್ನ ಟೇಬಲ್ ಮೇಲೇ ಇದೆ.